ಹೆರಿಗೆಯಾಗಿ ಹತ್ತು ತಿಂಗಳಾಯಿತು, ಆ ರಾತ್ರಿ ಮಾತ್ರ ಇನ್ನೂ ಮುಗಿದಿಲ್ಲ

ಪ್ರಶ್ನೆ

ನನಗೆ 31 ವರ್ಷ. ಹತ್ತು ತಿಂಗಳ ಹಿಂದೆ ಮಗಳು ಹುಟ್ಟಿದಳು. ಡಾಕ್ಟರ್ ಕೊಟ್ಟ ತಾರೀಕು ದಾಟಿ ಒಂದು ವಾರವಾದರೂ ನೋವು ಬರಲಿಲ್ಲ. ಇನ್ನು ಕಾಯುವುದು ಬೇಡ ಎಂದು ಔಷಧಿ ಕೊಟ್ಟು ನೋವು ಬರಿಸಿದರು. ಒಂದು ಹಗಲು, ಒಂದು ರಾತ್ರಿ ನೋವು ತಿಂದೆ. ಬೆಳಗಿನ ಜಾವ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಎಲ್ಲರೂ ಓಡಾಡತೊಡಗಿದರು. ಯಾರೋ ಕೂಗಿದ್ದು, ಮುಖಕ್ಕೆ ಮಾಸ್ಕ್ ಇಟ್ಟದ್ದು, ಮೇಲಿನ ದೊಡ್ಡ ದೀಪ, ಇಷ್ಟೇ ನೆನಪು. ಪೂರ್ತಿ ಪ್ರಜ್ಞೆ ತಪ್ಪಿಸಿ ಸಿಸೇರಿಯನ್ ಮಾಡಿದರಂತೆ. ಎಚ್ಚರವಾದಾಗ ಪಕ್ಕದಲ್ಲಿ ಮಗು ಇರಲಿಲ್ಲ. ನನಗೆ ರಕ್ತ ಜಾಸ್ತಿ ಹೋಗಿ, ರಕ್ತ ಕೊಡಬೇಕಾಯಿತು. ಮಗಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇದ್ದಳು. ಅವಳನ್ನು ನಾನು ನೋಡಿದ್ದು ಎರಡನೇ ದಿನ. ಈಗ ಆರೋಗ್ಯವಾಗಿದ್ದಾಳೆ.

ನಾನು ಮಾತ್ರ ಸರಿಯಿಲ್ಲ. ಸ್ಯಾನಿಟೈಸರ್ ವಾಸನೆ ಬಂದರೆ ಎದೆ ಡವಡವ ಎನ್ನುತ್ತದೆ. ಲಸಿಕೆಗೆ ಮಗಳನ್ನು ಗಂಡನೇ ಕರೆದುಕೊಂಡು ಹೋಗುತ್ತಾರೆ, ಆ ಕಟ್ಟಡದ ಹತ್ತಿರ ನನಗೆ ಹೋಗಲಾಗುವುದಿಲ್ಲ. ಅವತ್ತು ಏನಾಯಿತು ಎಂದು ಅವರನ್ನು ಕೇಳಿದರೆ "ಮುಗಿದ ಕಥೆ, ಬಿಡು" ಎನ್ನುತ್ತಾರೆ. ಎರಡನೇ ಮಗುವಿನ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಮನೆಯವರೆಲ್ಲ "ತಾಯಿ ಮಗು ಇಬ್ಬರೂ ಚೆನ್ನಾಗಿದ್ದೀರಲ್ಲ, ಇನ್ನೇನು ಬೇಕು" ಎನ್ನುತ್ತಾರೆ. ನಾನೇ ಸುಮ್ನೆ ದೊಡ್ಡದು ಮಾಡುತ್ತಿದ್ದೇನಾ? ನೋವು ಬರಿಸಲು ಒಪ್ಪಿದ್ದೇ ನನ್ನ ತಪ್ಪಾ? ಆಸ್ಪತ್ರೆಗೆ ಹೋಗಿ ಕೇಳಿದರೆ ದೂರು ಹೇಳಲು ಬಂದೆ ಅಂದುಕೊಳ್ಳುವುದಿಲ್ಲವೇ? ಮಗಳ ಮೊದಲ ಹುಟ್ಟುಹಬ್ಬ ಬರುತ್ತಿದೆ. ಎಲ್ಲರಿಗೂ ಸಂಭ್ರಮ, ನನಗೆ ಆ ತಾರೀಕು ನೆನೆದರೇ ಭಯ.

ಉತ್ತರ

ಇಲ್ಲ, ನೀವು ದೊಡ್ಡದು ಮಾಡುತ್ತಿಲ್ಲ. ನಿಮ್ಮ ಮಗುವಿನ ಜೀವಕ್ಕೆ ಅಪಾಯವಿದೆ ಎಂದು ನಿಮ್ಮ ಕಿವಿಗೇ ಬಿತ್ತು. ಮರುಕ್ಷಣ ನಿಮಗೆ ಪ್ರಜ್ಞೆ ತಪ್ಪಿಸಿದರು. ಎದ್ದಾಗ ಮಗು ಇರಲಿಲ್ಲ. ಅವಳು ಬದುಕಿದ್ದಾಳೆ ಎಂದು ಯಾರೋ ಹೇಳುವ ತನಕ ನಿಮಗದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನೀವು ಅನುಭವಿಸಿದ್ದು ಮಗಳು ಇಂದು ಚೆನ್ನಾಗಿದ್ದಾಳೆ ಎಂಬ ಕಾರಣಕ್ಕೆ ಅಳಿಸಿಹೋಗುವುದಿಲ್ಲ. ಮಗಳಿದ್ದಾಳೆ ಎಂಬ ಸಂತೋಷವೂ ನಿಜ, ಅವತ್ತಿನ ಭಯವೂ ನಿಜ. ಎರಡೂ ಒಟ್ಟಿಗೆ ಇರಬಹುದು.

"ಇನ್ನೇನು ಬೇಕು" ಎನ್ನುವ ಮನೆಯವರ ಮೇಲೆ ತೀರಾ ಬೇಸರ ಮಾಡಿಕೊಳ್ಳಬೇಡಿ. ಬಹಳ ಕಾಲ ಮನೋವೈದ್ಯರ ಪುಸ್ತಕವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು. ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೆ, ಅಂದರೆ ಪಿಟಿಎಸ್‌ಡಿಗೆ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಜಾಗ ಸಿಕ್ಕಿದ್ದು 1980ರಲ್ಲಿ. ಆಗ ಇಟ್ಟ ಷರತ್ತು ಏನು ಗೊತ್ತೇ? ಘಟನೆ ಮನುಷ್ಯರ ಸಾಮಾನ್ಯ ಅನುಭವದ ಆಚೆಯದಾಗಿರಬೇಕು. ಹೆರಿಗೆ ಸಾಮಾನ್ಯ ಅನುಭವ ಅಲ್ವಾ? ಹಾಗಾಗಿ ಅದು ಲೆಕ್ಕಕ್ಕೇ ಬರಲಿಲ್ಲ. 1994ರಲ್ಲಿ ಆ ಷರತ್ತನ್ನು ತೆಗೆದರು. ತನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಎದುರಾದದ್ದನ್ನು ಅನುಭವಿಸಿದ್ದರೆ ಅಥವಾ ಕಣ್ಣಾರೆ ನೋಡಿದ್ದರೆ ಅದೂ ಆಘಾತವೇ ಎಂದರು. ಆ ಬಳಿಕವೇ ಹೆರಿಗೆಯ ಆಘಾತದ ಬಗ್ಗೆ ಸಂಶೋಧನೆಗಳು ಹೆಚ್ಚಾದವು. 2017ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 4 ಮಂದಿಗೆ ಈ ತೊಂದರೆ ಕಂಡುಬಂತು. ತುರ್ತು ಸಿಸೇರಿಯನ್, ಅವಧಿಗೆ ಮುಂಚಿನ ಹೆರಿಗೆ, ಬಸುರಿನಲ್ಲಿ ಗಂಭೀರ ತೊಡಕು ಇಂಥವನ್ನು ಎದುರಿಸಿದವರಲ್ಲಿ ಅದು ನೂರಕ್ಕೆ 18ರಷ್ಟಿತ್ತು.

ನಿಮಗೆ ಪಿಟಿಎಸ್‌ಡಿ ಇದೆ ಎಂದು ನಾನು ಪತ್ರ ಓದಿ ಹೇಳಲಾರೆ, ಹೇಳಬಾರದು ಕೂಡ. ಆದರೆ ನೀವು ಬರೆದಿರುವ ಕೆಲವು ವಿಷಯಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಾಸನೆ ತಾಕಿದ ಕೂಡಲೇ ದೇಹ ಆ ರಾತ್ರಿಗೆ ಹಿಂದಿರುಗುವುದು. ಆ ಕಟ್ಟಡದ ಹತ್ತಿರ ಹೋಗಲಾಗದಿರುವುದು. ತಪ್ಪೆಲ್ಲ ತನ್ನದೇ ಎಂದು ತೋರುವುದು. ಇವುಗಳ ಜೊತೆಗೆ ಮಗು ಮಲಗಿದ್ದರೂ ನಿಮಗೆ ನಿದ್ದೆ ಬಾರದಿರುವುದು, ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ಇದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೆರಿಗೆಯಾದ ಮೊದಲ ಕೆಲವು ವಾರ ಇಂಥದ್ದು ಬಹಳ ಜನರಿಗೆ ಆಗುತ್ತದೆ, ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿದ ಮೇಲೂ ಬದುಕಿಗೆ ಅಡ್ಡ ಬರುತ್ತಿದ್ದರೆ ತಜ್ಞರಿಗೆ ತೋರಿಸಬೇಕು. ನಿಮಗೆ ಹತ್ತು ತಿಂಗಳಾಗಿದೆ. ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಕಾಯುವ ಅಗತ್ಯ ಇಲ್ಲ.

ಮುಂದಕ್ಕೆ ಹೋಗುವ ಮೊದಲು ಒಂದು ತುರ್ತು ಮಾತು. ಸಾಯಬೇಕು ಎನ್ನುವ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎನ್ನುವ ಯೋಚನೆ ಬರುತ್ತಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ಇವತ್ತೇ ಮನೆಯವರೊಬ್ಬರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಹೆರಿಗೆಯಾದ ಕೆಲವೇ ದಿನ ಅಥವಾ ವಾರಗಳಲ್ಲಿ ಬಾಣಂತಿ ಇಲ್ಲದ ದನಿ ಕೇಳುತ್ತಿದೆ ಎಂದರೆ, ನಿದ್ದೆಯೇ ಬೇಡ ಎಂಬಂತಿದ್ದರೆ, ಮಾತು ದಿಕ್ಕು ತಪ್ಪಿದರೆ, ಅದು ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಪ್ರಸವೋತ್ತರ ಸೈಕೋಸಿಸ್ ಇರಬಹುದು. ಅದಕ್ಕೆ ಅಂದೇ ಆಸ್ಪತ್ರೆ ಬೇಕು. ಸರಿಯಾದ ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತದೆ.

ಈಗ ನಿಮ್ಮ ನೆನಪಿನ ವಿಷಯ. ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ ಭಾಗ ಇದೇ.

ನಿಮಗೆ ಉಳಿದಿರುವುದು ಕೂಗು, ಮಾಸ್ಕ್, ದೀಪ. ಉಳಿದದ್ದೆಲ್ಲ ಖಾಲಿ. ಈ ಖಾಲಿಯಲ್ಲಿ ಎರಡು ಬಗೆ ಇದೆ, ಅವನ್ನು ಬೇರೆ ಮಾಡಿಕೊಂಡರೆ ನಿಮಗೆ ಸ್ವಲ್ಪ ನಿರಾಳವಾದೀತು. ಥಿಯೇಟರ್‌ಗೆ ಹೋಗುವ ಮುಂಚಿನ ಗಲಿಬಿಲಿ ಒಂದು. ತೀವ್ರ ಭಯದಲ್ಲಿ ಗಮನ ಒಂದೆರಡು ಸಂಗತಿಗಳ ಮೇಲೆ ಮಾತ್ರ ನಿಂತುಬಿಡುತ್ತದೆ. ಅವು ಕೆತ್ತಿದ ಹಾಗೆ ಉಳಿಯುತ್ತವೆ. ಸುತ್ತಮುತ್ತಲಿನದು, ಯಾವುದು ಮೊದಲು ಯಾವುದು ಆಮೇಲೆ ಎಂಬುದು, ಎಷ್ಟು ಹೊತ್ತಾಯಿತು ಎಂಬುದು ಸರಿಯಾಗಿ ದಾಖಲಾಗುವುದೇ ಇಲ್ಲ. ಹತ್ತು ನಿಮಿಷ ಒಂದು ಗಂಟೆಯಂತೆ ಅನ್ನಿಸಬಹುದು. ಅರಿವಳಿಕೆಯ ಹೊತ್ತು ಇನ್ನೊಂದು. ಆಗ ನೆನಪು ಹುಟ್ಟಿಯೇ ಇಲ್ಲ. ಅದು ಎಲ್ಲೋ ಒಳಗೆ ಬಚ್ಚಿಟ್ಟುಕೊಂಡಿದೆ, ಕಷ್ಟಪಟ್ಟು ಯೋಚಿಸಿದರೆ ಬಂದೀತು ಎಂದು ರಾತ್ರಿಯೆಲ್ಲ ಹುಡುಕಬೇಡಿ. ಬಹಳ ತಾಯಂದಿರು ಹೀಗೆ ಹುಡುಕಿ ಹುಡುಕಿ ಸೋಲುತ್ತಾರೆ. ತನ್ನ ಮಗು ಹುಟ್ಟಿದ ಕ್ಷಣವೇ ತನಗೆ ನೆನಪಿಲ್ಲವಲ್ಲ ಎಂದು ನಾಚಿಕೆ ಪಡುತ್ತಾರೆ. ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಆ ಖಾಲಿಯನ್ನು ಬೇರೆಯವರು ಕಂಡದ್ದರಿಂದ ಮಾತ್ರ ತುಂಬಿಸಬಹುದು.

ವಾಸನೆಯ ಬಗ್ಗೆಯೂ ಒಂದು ಮಾತು. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ಒಂದು ನಡುಮನೆ ದಾಟಿ ಮುಂದೆ ಹೋಗುತ್ತದೆ. ವಾಸನೆ ಹಾಗಲ್ಲ. ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗಕ್ಕೆ ಅದಕ್ಕೆ ನೇರ ದಾರಿ ಇದೆ. ಹಾಗಾಗಿ ಏನಾಯಿತು ಎಂದು ನೀವು ಯೋಚಿಸುವ ಮೊದಲೇ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ. ಆಗ ನಿಮ್ಮನ್ನು ನೀವು ಬೈದುಕೊಳ್ಳುವ ಬದಲು ಕಾಲನ್ನು ನೆಲಕ್ಕೆ ಒತ್ತಿ. ಎದುರಿಗೆ ಕಾಣುವ ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಇವತ್ತಿನ ತಾರೀಕು ಹೇಳಿ, ಮಗಳಿಗೆ ಎಷ್ಟು ತಿಂಗಳು ಎಂದು ಹೇಳಿ. ದೇಹಕ್ಕೆ ಇದು ಇವತ್ತು, ಅವತ್ತಲ್ಲ ಎಂದು ತಿಳಿಸಲು ಇಷ್ಟು ಸಾಕು. ಇದು ಚಿಕಿತ್ಸೆಯಲ್ಲ, ಆ ಹೊತ್ತು ದಾಟಲು ಒಂದು ಆಸರೆ.

ಹಾಗಾದರೆ ಆ ಖಾಲಿ ತುಂಬುವುದು ಹೇಗೆ? ನಿಮ್ಮ ಮಗಳ ಹುಟ್ಟು ಈಗ ಮೂರು ಕಡೆ ಹಂಚಿಹೋಗಿದೆ. ಸ್ವಲ್ಪ ನಿಮ್ಮಲ್ಲಿದೆ, ಸ್ವಲ್ಪ ನಿಮ್ಮ ಪತಿಯಲ್ಲಿದೆ, ಸ್ವಲ್ಪ ಆಸ್ಪತ್ರೆಯ ಕಾಗದಗಳಲ್ಲಿದೆ. ಮೂವರಲ್ಲಿ ಯಾರ ಬಳಿಯೂ ಪೂರ್ತಿ ಕಥೆ ಇಲ್ಲ. ಥಿಯೇಟರ್ ಬಾಗಿಲಿನ ಹೊರಗೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ. ಒಳಗೆ ಏನಾಯಿತು ಎಂದು ಅವರಿಗೆ ಗೊತ್ತಿಲ್ಲ. ಕಾಗದದಲ್ಲಿ ಸಮಯ, ಅಂಕಿ, ಔಷಧಿಯ ಹೆಸರು ಇರುತ್ತದೆ. ಯಾರು ಹೆದರಿದರು ಎಂಬುದು ಇರುವುದಿಲ್ಲ. ಈ ಮೂರನ್ನೂ ಒಂದೇ ಕಡೆ ತರಬೇಕು. ನನ್ನ ಅನುಭವದಲ್ಲಿ "ಮರೆತುಬಿಡು" ಎನ್ನುವ ಸಲಹೆಗಿಂತ ಈ ಕೆಲಸ ಎಷ್ಟೋ ಪಾಲು ಹೆಚ್ಚು ಉಪಕಾರ ಮಾಡುತ್ತದೆ.

ಆಸ್ಪತ್ರೆಯಿಂದ ಶುರು ಮಾಡೋಣ, ಏಕೆಂದರೆ ನಿಮ್ಮ ಭಯ ಅಲ್ಲಿದೆ. ಹೆರಿಗೆಯಾದ ಮೇಲೆ ತಾಯಿ ತನ್ನ ದಾಖಲೆ ಕೇಳುವುದು ತೀರಾ ಸಹಜ. ಡಿಸ್ಚಾರ್ಜ್ ಸಮ್ಮರಿ ನಿಮ್ಮ ಬಳಿ ಇರಬಹುದು, ಆದರೆ ಅದು ಒಂದೆರಡು ಪುಟದ ಸಾರಾಂಶ. ನೀವು ಕೇಳಬೇಕಾದದ್ದು ಪೂರ್ತಿ ಕೇಸ್ ಶೀಟ್‌ನ ಪ್ರತಿ, ಆಪರೇಷನ್ ನೋಟ್ಸ್, ಅರಿವಳಿಕೆಯ ದಾಖಲೆ, ಮಗುವಿನ ಎನ್‌ಐಸಿಯು ದಾಖಲೆ. ಬರವಣಿಗೆಯಲ್ಲಿ ಕೇಳಿ. ಜೊತೆಗೆ ಭೇಟಿಗೆ ಸಮಯ ಕೇಳಿ: "ನನ್ನ ಹೆರಿಗೆಯ ದಿನ ಏನೇನಾಯಿತು ಎಂದು ನನಗೆ ತಿಳಿಯಬೇಕಿದೆ. ದಾಖಲೆ ಇಟ್ಟುಕೊಂಡು ನನ್ನ ಜೊತೆ ಅರ್ಧ ಗಂಟೆ ಕೂರುತ್ತೀರಾ?" ಇಷ್ಟು ಸಾಕು. ದೂರು ಕೊಡಲು ಬಂದಿಲ್ಲ ಎಂದು ಮೊದಲೇ ಮಾತು ಕೊಡಬೇಡಿ. ಏನಾಯಿತೆಂದೇ ತಿಳಿಯದೆ ಅಂಥ ಮಾತು ಕೊಡುವುದು ಯಾಕೆ? ಎಷ್ಟೋ ವೈದ್ಯರು ಇಂಥ ಭೇಟಿಗೆ ಸಂತೋಷದಿಂದಲೇ ಕೂರುತ್ತಾರೆ. ಅವರಿಗೂ ಆ ರಾತ್ರಿ ನೆನಪಿರುತ್ತದೆ. ಅವರು ಒಪ್ಪದಿದ್ದರೆ ದಾಖಲೆಯ ಪ್ರತಿ ತೆಗೆದುಕೊಂಡು ಬೇರೆ ಹೆರಿಗೆ ತಜ್ಞರ ಬಳಿ ಹೋಗಿ ಓದಿಸಿಕೊಳ್ಳಿ. ಆ ಕಟ್ಟಡಕ್ಕೆ ಕಾಲಿಡಲು ಇನ್ನೂ ಆಗದಿದ್ದರೂ ಇದೇ ದಾರಿ.

ಒಬ್ಬರೇ ಹೋಗಬೇಡಿ. ಪ್ರಶ್ನೆ ಬರೆದುಕೊಂಡು ಹೋಗಿ, ಉತ್ತರ ಬರೆದುಕೊಳ್ಳಲು ಜೊತೆಗಿದ್ದವರಿಗೆ ಹೇಳಿ. ಅಲ್ಲಿ ಕೂತಾಗ ಕಿವಿಗೆ ಬಿದ್ದದ್ದು ತಲೆಗೆ ಹೋಗದಿರಬಹುದು.

ದಾಖಲೆಯಲ್ಲಿ ಕೆಲವು ವಿಷಯಗಳು ಕಣ್ಣಿಗೆ ಬಿದ್ದಾಗ ಗಾಬರಿಯಾಗುವುದುಂಟು, ಅವುಗಳನ್ನು ಈಗಲೇ ಹೇಳಿಬಿಡುತ್ತೇನೆ. ಮಗುವಿನ ಎದೆಬಡಿತದ ಉದ್ದನೆಯ ಗೆರೆಪಟ್ಟಿ ಇರುತ್ತದೆ, ಅದು ಸಿಟಿಜಿ. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ನೋವು ಬಂದಾಗ ಸ್ವಲ್ಪ ಇಳಿದು ಮತ್ತೆ ಏರುವುದು ಎಷ್ಟೋ ಹೆರಿಗೆಗಳಲ್ಲಿ ಇರುತ್ತದೆ. ಇಳಿದದ್ದು ಮೇಲೇರದಿದ್ದರೆ ವೈದ್ಯರು ಕಾಯುವುದಿಲ್ಲ. ಮಗುವಿನ ಜೀವಕ್ಕೆ ತಕ್ಷಣದ ಅಪಾಯವಿದೆ ಎನ್ನುವಾಗ, ನಿರ್ಧಾರ ಮಾಡಿದ 30 ನಿಮಿಷದೊಳಗೆ ಮಗು ಹೊರಬರಬೇಕು ಎಂಬ ಗುರಿ ಹಲವು ದೇಶಗಳಲ್ಲಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅದು ಹತ್ತುವ ತನಕ ಕಾಯಲು ಆಗದಿದ್ದಾಗ ಪೂರ್ತಿ ಅರಿವಳಿಕೆ ಕೊಡುತ್ತಾರೆ. ನಿಮಗೆ ಆದದ್ದು ಇದೇ ಇರಬೇಕು. ಎಷ್ಟು ಗಂಟೆಗೆ ನಿರ್ಧಾರವಾಯಿತು, ಎಷ್ಟು ಗಂಟೆಗೆ ಮಗಳು ಹುಟ್ಟಿದಳು ಎಂದು ನೋಡಿ. ನಿಮಗೆ ಗಂಟೆಗಟ್ಟಲೆ ಎನ್ನಿಸಿದ್ದು ಕಾಗದದಲ್ಲಿ ಕೆಲವೇ ನಿಮಿಷ ಇರಬಹುದು.

ಮಗುವಿನ ಹಾಳೆಯಲ್ಲಿ ಅಪ್ಗಾರ್ ಎಂಬ ಅಂಕ ಕಾಣುತ್ತದೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ ಪದ್ಧತಿ ಇದು. ಮೈಬಣ್ಣ, ಎದೆಬಡಿತ, ಮುಟ್ಟಿದರೆ ಸ್ಪಂದಿಸುವುದು, ಕೈಕಾಲಿನ ಬಿಗಿ, ಉಸಿರಾಟ ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹುಟ್ಟಿದ 1ನೇ ನಿಮಿಷಕ್ಕೆ ಒಮ್ಮೆ, 5ನೇ ನಿಮಿಷಕ್ಕೆ ಇನ್ನೊಮ್ಮೆ ಕೊಡುತ್ತಾರೆ. ಮೊದಲ ಅಂಕ ಕಡಿಮೆ ಇದ್ದರೆ ತಾಯಂದಿರು ಕುಸಿದುಹೋಗುತ್ತಾರೆ. ದಯವಿಟ್ಟು ಎರಡನೆಯದನ್ನೂ ನೋಡಿ. ಈ ಮಗುವಿಗೆ ಈ ಕ್ಷಣ ಸಹಾಯ ಬೇಕೇ ಎಂದು ತಿಳಿಯಲು ಮಾಡಿದ ಅಂಕ ಅದು. ಮಗುವಿನ ಬುದ್ಧಿಯನ್ನಾಗಲೀ ಮುಂದಿನ ಬದುಕನ್ನಾಗಲೀ ಅಳೆಯಲು ಮಾಡಿದ್ದಲ್ಲ. ನಿಮಗಾದ ರಕ್ತಸ್ರಾವಕ್ಕೆ ಕಾರಣ ಏನೆಂದೂ ಕೇಳಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಅತಿ ಸಾಮಾನ್ಯ ಕಾರಣ ಗರ್ಭಕೋಶ ಗಟ್ಟಿಯಾಗಿ ಕುಗ್ಗದಿರುವುದು. ದೀರ್ಘ ನೋವಿನ ಬಳಿಕ ಅದು ಸುಸ್ತಾಗಿ ಹೀಗಾಗುವುದುಂಟು. ಇನ್ನೊಂದು ಪ್ರಶ್ನೆ ಮರೆಯಬೇಡಿ: ಗರ್ಭಕೋಶದ ಮೇಲಿನ ಕೊಯ್ತ ಯಾವ ಬಗೆಯದು, ಮುಂದಿನ ಬಸುರಿಗೆ ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಇಲ್ಲಿ ಒಂದು ಎಚ್ಚರಿಕೆ. ಇಂಥ ಒಂದು ಭೇಟಿಯಿಂದ ಎಲ್ಲ ವಾಸಿಯಾಗುತ್ತದೆ ಎಂದು ಕಾಯಬೇಡಿ. ಹೆರಿಗೆಯಾದ ಎಲ್ಲರನ್ನೂ ಕೂರಿಸಿ ಒಮ್ಮೆ ಮಾತಾಡಿಸಿಬಿಟ್ಟರೆ ಆಘಾತ ಉಳಿಯುವುದಿಲ್ಲ ಎಂಬ ನಂಬಿಕೆ ಒಂದು ಕಾಲದಲ್ಲಿತ್ತು. 2015ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯವರು ಆ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಅದರಿಂದ ಲಾಭವಿದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಆದರೆ ಬಲವಂತವಾಗಿ ಮಾತಾಡಿಸುವುದು ಬೇರೆ, ನೀವೇ ಸಿದ್ಧರಾಗಿ, ನಿಮ್ಮದೇ ಪ್ರಶ್ನೆ ಹಿಡಿದು ಹೋಗುವುದು ಬೇರೆ. ಎರಡನೆಯದು ಗಾಯ ಮಾಯಿಸದಿದ್ದರೂ "ಏನಾಯಿತೋ ಏನೋ" ಎಂಬ ಕೊರಗಿಗೆ ಒಂದು ಉತ್ತರ ಕೊಡುತ್ತದೆ.

ಇನ್ನು ತಪ್ಪಿನ ಪ್ರಶ್ನೆ. ತಾರೀಕು ದಾಟಿ ಒಂದು ವಾರವೆಂದರೆ 41 ವಾರ ತುಂಬಿದೆ. 41 ವಾರ ಖಚಿತವಾಗಿ ತುಂಬಿದವರಿಗೆ ನೋವು ಬರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅಲ್ಲಿಂದ ಮುಂದೆ ಕಾದಷ್ಟೂ ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಏರುತ್ತದೆ ಎಂಬುದೇ ಇದಕ್ಕೆ ಕಾರಣ. ನೀವು ಅಂದು ಒಪ್ಪಿದ್ದು ಆ ಸಲಹೆಗೆ. ಕೊನೆಗೆ ಏನಾಯಿತು ಎಂದು ಇವತ್ತು ನಿಮಗೆ ಗೊತ್ತಿದೆ, ಅಂದು ಗೊತ್ತಿರಲಿಲ್ಲ. ಇವತ್ತಿನ ತಿಳಿವಳಿಕೆ ಹಿಡಿದು ಅಂದಿನ ನಿಮ್ಮನ್ನು ವಿಚಾರಣೆಗೆ ನಿಲ್ಲಿಸುವುದು ಅನ್ಯಾಯ. ಒಪ್ಪದೆ ಕಾದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು ಎಂದು ಯಾರೂ ಖಾತ್ರಿ ಕೊಡಲಾರರು. ಆದರೂ ಈ ತಪ್ಪಿನ ಭಾವ ಯಾಕೆ ಬಿಡುವುದಿಲ್ಲ ಎಂದರೆ, ತಪ್ಪು ನನ್ನದೇ ಎಂದುಕೊಂಡಾಗ ಕನಿಷ್ಠ ಅದು ನನ್ನ ಕೈಯಲ್ಲಿತ್ತು ಎಂಬ ಸಮಾಧಾನ ಇರುತ್ತದೆ. ಯಾರ ಕೈಯಲ್ಲೂ ಇರಲಿಲ್ಲ ಎಂದು ಒಪ್ಪುವುದು ಅದಕ್ಕಿಂತ ಹೆಚ್ಚು ಹೆದರಿಸುತ್ತದೆ.

ದಾಖಲೆ ನೋಡಿದ ಮೇಲೆ ನಿಜಕ್ಕೂ ಯಾರದೋ ಲೋಪ ಕಂಡರೆ? ಅಥವಾ ವೈದ್ಯಕೀಯವಾಗಿ ಎಲ್ಲ ಸರಿಯಿದ್ದೂ ಅವತ್ತು ಯಾರೂ ನಿಮಗೆ ಒಂದು ಮಾತು ಹೇಳಲಿಲ್ಲ, ಗದರಿದರು, ಕೇಳದೆ ಮೈಮುಟ್ಟಿದರು ಎಂಬ ಸಿಟ್ಟು ಇದ್ದರೆ? ಆ ಸಿಟ್ಟಿಗೆ ಅರ್ಥವಿದೆ. ಹೆರಿಗೆಯ ಹೊತ್ತಿನ ಅಗೌರವ ಮತ್ತು ದುರ್ವರ್ತನೆಯ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿತು. ನಾನು ಕಂಡ ಬಹಳ ತಾಯಂದಿರ ಮನಸ್ಸಿನಲ್ಲಿ ಉಳಿದುಬಿಡುವುದು ಕತ್ತರಿ, ರಕ್ತಕ್ಕಿಂತ ಹೆಚ್ಚಾಗಿ ಯಾರೋ ಆಡಿದ ಒಂದು ಮಾತು. ಎಷ್ಟೇ ತುರ್ತಿದ್ದರೂ "ನಿಮ್ಮ ಮಗುವಿಗಾಗಿ ಓಡುತ್ತಿದ್ದೇವೆ, ನಾವಿದ್ದೇವೆ" ಎನ್ನಲು ಎರಡು ಸೆಕೆಂಡು ಸಾಕು. ಅದನ್ನು ಯಾರೂ ಹೇಳಲಿಲ್ಲವೆಂದರೆ ದೂರು ಕೊಡುವ ಹಕ್ಕು ನಿಮಗಿದೆ. ಆದರೆ ತಿಳಿದುಕೊಳ್ಳುವ ಭೇಟಿಯನ್ನೂ ದೂರಿನ ಭೇಟಿಯನ್ನೂ ಒಂದೇ ದಿನ ಬೆರೆಸಬೇಡಿ. ಮೊದಲು ತಿಳಿಯಿರಿ. ದೂರು ಬೇಕೋ ಬೇಡವೋ ಎಂದು ಆಮೇಲೆ ನಿಧಾನವಾಗಿ ನಿರ್ಧರಿಸಿ.

ನಿಮ್ಮ ಪತಿಯ ಬಗ್ಗೆ ಹೇಳಬೇಕು. ಈ ಪತ್ರ ಅವರೂ ಓದಲಿ ಎಂದು ನನ್ನ ಆಸೆ.

ಅವರ ಕಡೆಯಿಂದ ಆ ಬೆಳಗಿನ ಜಾವವನ್ನು ನೋಡಿ. ಪೂರ್ತಿ ಅರಿವಳಿಕೆ ಕೊಡುವಾಗ ಸಾಮಾನ್ಯವಾಗಿ ಜೊತೆಗಿದ್ದವರನ್ನು ಹೊರಗೆ ಕಳುಹಿಸುತ್ತಾರೆ. ಯಾರೋ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಬಾಗಿಲು ಮುಚ್ಚುತ್ತದೆ. ನೀವು ಪ್ರಜ್ಞೆಯಿಲ್ಲದೆ ಇದ್ದ ಅಷ್ಟೂ ಹೊತ್ತು ಅವರು ಪೂರ್ತಿ ಎಚ್ಚರವಾಗಿದ್ದರು. ಮಗುವನ್ನು ಒಂದು ಕಡೆ ಒಯ್ದರು, ಹೆಂಡತಿಗೆ ರಕ್ತ ಬೇಕು ಎಂದು ಇನ್ನೊಂದು ಕಡೆಯಿಂದ ಕೂಗಿದರು. ಯಾರ ಹಿಂದೆ ಹೋಗಬೇಕು? ಆ ಹೊತ್ತಿನಲ್ಲಿ ಅವರು ಇಬ್ಬರನ್ನೂ ಕಳೆದುಕೊಂಡೆ ಎಂದುಕೊಂಡಿರಬಹುದು. "ಮುಗಿದ ಕಥೆ" ಎನ್ನುವವರಿಗೆ ಕಥೆ ಮುಗಿದಿರುವುದಿಲ್ಲ. ಎರಡನೇ ಮಗುವಿನ ಮಾತಿಗೆ ಎದ್ದು ಹೋಗುವುದೂ, ನೀವು ಆ ಕಟ್ಟಡದ ಹತ್ತಿರ ಹೋಗದಿರುವುದೂ ಒಂದೇ ಭಯದ ಎರಡು ರೂಪ ಎಂದು ನನಗೆ ಅನ್ನಿಸುತ್ತದೆ. 2022ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಹೆರಿಗೆಯ ನಂತರ ಪಿಟಿಎಸ್‌ಡಿಯ ಲಕ್ಷಣಗಳು ನೂರು ತಂದೆಯರಲ್ಲಿ ಸುಮಾರು ಒಬ್ಬರಿಗೆ ಕಂಡುಬಂದವು. ತಂದೆಯರನ್ನು ಕೇಳುವವರೇ ಕಡಿಮೆ. ಕೇಳಿದರೂ "ನಾನೇನು ಹೆತ್ತೆನೇ, ನನಗೇನು" ಎಂದುಬಿಡುತ್ತಾರೆ.

ಅವರನ್ನು "ಆಗ ನಿಮಗೆ ಹೇಗನ್ನಿಸಿತು" ಎಂದು ಕೇಳಬೇಡಿ. ಆ ಪ್ರಶ್ನೆಗೆ ಬಹಳ ಗಂಡಸರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಾಣುವ, ಹಿಡಿಯುವ ಸಂಗತಿಗಳನ್ನು ಕೇಳಿ. ನಿಮ್ಮನ್ನು ಹೊರಗೆ ಕಳುಹಿಸಿದಾಗ ಎಷ್ಟು ಗಂಟೆ? ಎಲ್ಲಿ ಕೂತಿದ್ದಿರಿ? ಮಗಳು ಹುಟ್ಟಿದಳು ಎಂದು ಮೊದಲು ಹೇಳಿದವರು ಯಾರು? ಅವಳನ್ನು ಮೊದಲು ನೋಡಿದಾಗ ಕಣ್ಣು ತೆರೆದಿದ್ದಳೇ? ಇದನ್ನೆಲ್ಲ ಕೇಳುವ ಕಾರಣವನ್ನೂ ಹೇಳಿ: "ಆ ಹೊತ್ತು ನನ್ನ ಬಳಿ ಇಲ್ಲ, ನಿಮ್ಮ ಬಳಿ ಮಾತ್ರ ಇದೆ. ನನಗೆ ಅದು ಬೇಕು." ಹಾಗೆ ಕೇಳಿದಾಗ ಅವರ ಪಾಲಿಗೆ ಅದು ನಿಮಗೆ ಏನನ್ನೋ ಕೊಡುವ ಕೆಲಸವಾಗುತ್ತದೆ. ಎದುರುಬದುರು ಕೂತು ಕೇಳುವುದಕ್ಕಿಂತ ಪಕ್ಕಪಕ್ಕ ನಡೆಯುವಾಗ, ಬಟ್ಟೆ ಮಡಿಸುವಾಗ ಕೇಳುವುದು ಸುಲಭ. ಹತ್ತು ನಿಮಿಷ ಸಾಕು. ಅವರು ನಿಲ್ಲಿಸಿದರೆ ನೀವೂ ನಿಲ್ಲಿಸಿ. ಇನ್ನೊಂದು ದಿನ ಅಲ್ಲಿಂದ ಮುಂದುವರಿಸಿ.

ನಂತರ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಗಂಟೆ ಬರೆಯಿರಿ, ನೋವು ಬರಿಸುವ ಔಷಧಿ ಕೊಟ್ಟಲ್ಲಿಂದ ಹಿಡಿದು ನೀವು ಮಗಳನ್ನು ಮೊದಲು ಮುಟ್ಟಿದ ಗಳಿಗೆಯವರೆಗೆ. ಪಕ್ಕದಲ್ಲಿ ಮೂರು ಕಾಲಂ ಬಿಡಿ: ದಾಖಲೆ ಹೇಳುವುದು, ನಿಮ್ಮ ಪತಿ ಕಂಡದ್ದು, ನಿಮಗೆ ನೆನಪಿರುವುದು. ತುಂಬುತ್ತಾ ಹೋಗಿ. ಹೊಂದದೇ ಇರುವ ಜಾಗಗಳು ಬರುತ್ತವೆ, ಬರಲಿ. ನಿಮಗೆ ಕೂಗಾಗಿ ಕೇಳಿದ್ದು ಒಬ್ಬ ಡಾಕ್ಟರ್ ರಕ್ತ ತರಲು ಹೇಳಿದ ದನಿ ಆಗಿರಬಹುದು. ನೀವು ಮಗಳನ್ನು ನೋಡದ ಮೊದಲ ದಿನ ಅವರು ಗಾಜಿನ ಹೊರಗೆ ನಿಂತು ಅವಳನ್ನು ನೋಡುತ್ತಿದ್ದಿರಬಹುದು. ಈ ಕೆಲಸ ಮಾಡುವಾಗ ಎದೆ ಬಿಗಿಯುವುದು, ಅಳು ಬರುವುದು ಸಹಜ. ಆದರೆ ಅದಾದ ಮೇಲೆ ದಿನಗಟ್ಟಲೆ ನಿದ್ದೆ ಕೆಟ್ಟರೆ, ಚಿತ್ರಗಳು ಜಾಸ್ತಿಯಾಗಿ ನುಗ್ಗಿದರೆ, ಹಾಳೆಯನ್ನು ಮಡಿಸಿ ಇಟ್ಟುಬಿಡಿ. ಉಳಿದದ್ದನ್ನು ಚಿಕಿತ್ಸಕರ ಜೊತೆ ಮಾಡಿ.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಟಿಎಸ್‌ಡಿಗೆ ಎರಡು ಮಾತಿನ ಚಿಕಿತ್ಸೆಗಳನ್ನು ಸೂಚಿಸಿತು. ಆಘಾತದ ಮೇಲೆ ಗಮನವಿಟ್ಟು ಮಾಡುವ ಸಿಬಿಟಿ (ಯೋಚನೆ, ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಒಂದು. ಅದರಲ್ಲಿ ನೆನಪನ್ನು ಸುರಕ್ಷಿತವಾಗಿ ಎದುರಿಸುವುದನ್ನೂ, "ನನ್ನದೇ ತಪ್ಪು" ಎಂಬಂಥ ತೀರ್ಮಾನಗಳನ್ನು ಪರೀಕ್ಷಿಸುವುದನ್ನೂ ಕಲಿಸುತ್ತಾರೆ. ಇಎಂಡಿಆರ್ ಇನ್ನೊಂದು. ಅಮೆರಿಕದ ಫ್ರಾನ್ಸಿನ್ ಶಪಿರೋ 1980ರ ದಶಕದ ಕೊನೆಯಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ, ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳನ್ನು ಕಣ್ಣಿಂದ ಹಿಂಬಾಲಿಸುತ್ತೀರಿ. ವಿಚಿತ್ರ ಅನ್ನಿಸಬಹುದು, ಆದರೆ ಇದರ ಹಿಂದೆ ಗಟ್ಟಿ ಅಧ್ಯಯನಗಳಿವೆ. ಎಲ್ಲವನ್ನೂ ಬಿಡಿಸಿ ಹೇಳಲೇಬೇಕು ಎಂದಿಲ್ಲವಾದ್ದರಿಂದ ಮಾತು ಹೊರಡದವರಿಗೂ ಇದು ಒಗ್ಗುತ್ತದೆ, ನಿಮ್ಮ ಪತಿಯಂಥವರಿಗೂ. ಎರಡರಲ್ಲೂ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ ಬೇಕಾಗುತ್ತದೆ.

ಹುಡುಕುವಾಗ ಸುಮ್ನೆ "ಕೌನ್ಸೆಲರ್ ಬೇಕು" ಎನ್ನದೆ, ಆಘಾತಕ್ಕೆ ಈ ಎರಡರಲ್ಲಿ ಒಂದನ್ನು ಕಲಿತವರೇ ಎಂದು ಕೇಳಿ. ಅವರು ಒಂದು ಪ್ರಶ್ನೆಪಟ್ಟಿ ಕೊಡಬಹುದು. ಜಗತ್ತಿನಾದ್ಯಂತ ಬಳಸುವ ಎಡಿನ್‌ಬರೋ ಪಟ್ಟಿಯಲ್ಲಿ 10 ಪ್ರಶ್ನೆಗಳಿವೆ. 1987ರಲ್ಲಿ ಬಂದ ಆ ಪಟ್ಟಿ ಹುಡುಕುವುದು ಹೆರಿಗೆಯ ನಂತರದ ಖಿನ್ನತೆಯನ್ನು. ಅದರಲ್ಲಿ ನಿಮ್ಮ ಅಂಕ ಕಡಿಮೆ ಬಂದರೆ "ನಿಮಗೇನೂ ಇಲ್ಲ" ಎಂದು ಯಾರಾದರೂ ಕಳುಹಿಸಿಬಿಡಬಹುದು. ಆಗ ಎದ್ದು ಬರಬೇಡಿ. ಖಿನ್ನತೆ ಇಲ್ಲದೆಯೂ ಆಘಾತ ಇರಬಹುದು. ಹೆರಿಗೆಯ ಆಘಾತಕ್ಕೆಂದೇ ಲಂಡನ್ನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ 29 ಪ್ರಶ್ನೆಗಳ ಸಿಟಿ ಬರ್ತ್ ಟ್ರಾಮಾ ಸ್ಕೇಲ್ ಇದೆ, ಅದನ್ನು ಬಳಸುತ್ತೀರಾ ಎಂದು ಕೇಳಿ. ಔಷಧಿ ಬೇಕಾಯಿತು ಎಂದರೂ ಹೆದರಬೇಕಿಲ್ಲ. ಹಾಲುಣಿಸುತ್ತಿದ್ದೇನೆ ಎಂದು ಹೇಳಿ. ಸರ್ಟ್ರಾಲಿನ್‌ನಂಥ ಔಷಧಿಗಳು ಎದೆಹಾಲಿಗೆ ಬಹಳ ಕಡಿಮೆ ಪ್ರಮಾಣದಲ್ಲಿ ಮಾತ್ರ ಸೇರುತ್ತವೆ. ವೈದ್ಯರು ನೋಡಿ ಕೊಡುತ್ತಾರೆ.

ನೀವು ಬರೆದಿಲ್ಲ, ಆದರೆ ನಿಮ್ಮಂತೆ ಹೆತ್ತ ಬಹಳ ತಾಯಂದಿರು ಒಳಗೇ ಇಟ್ಟುಕೊಳ್ಳುವ ಒಂದು ಮಾತಿದೆ: "ಮಗುವನ್ನು ಮೊದಲು ತೋರಿಸಿದಾಗ ಇದು ನನ್ನದೇ ಎಂದು ಅನ್ನಿಸಲಿಲ್ಲ." ನಿಮಗೂ ಹಾಗಾಗಿದ್ದರೆ ತಿಳಿಯಿರಿ, ಹುಟ್ಟಿದ ಗಳಿಗೆಯಲ್ಲಿ ಎಚ್ಚರವಿಲ್ಲದ, ಎರಡನೇ ದಿನದವರೆಗೆ ಮಗುವನ್ನು ನೋಡದ ತಾಯಿಗೆ ಹಾಗನ್ನಿಸುವುದು ಸಹಜ. ಮೊದಲ ಗಂಟೆ ತಪ್ಪಿದರೆ ನಂಟು ತಪ್ಪಿತು ಎಂಬುದು ಸುಳ್ಳು. ಮಗುವಿನ ಕಡೆಯಿಂದ ಆ ನಂಟು ತಿಂಗಳುಗಟ್ಟಲೆ ಬೆಳೆಯುತ್ತದೆ. ಈಗ ಹತ್ತು ತಿಂಗಳ ನಿಮ್ಮ ಮಗಳು ನೀವು ಕೋಣೆ ಬಿಟ್ಟು ಹೋದರೆ ಅಳುತ್ತಾಳಲ್ಲವೇ? ಅವಳ ಉತ್ತರ ಅದೇ.

ಎರಡನೇ ಮಗುವಿನ ನಿರ್ಧಾರ ಈಗ ಬೇಡ. ಒಂದು ಹೆರಿಗೆಯಿಂದ ಮುಂದಿನ ಬಸುರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಾಗಾಗಿ ಹೇಗೂ ಸಮಯವಿದೆ. "ಈ ವರ್ಷ ಆ ಮಾತು ಎತ್ತುವುದಿಲ್ಲ" ಎಂದು ನಿಮ್ಮ ಪತಿಗೆ ಹೇಳಿ. ಅಷ್ಟರಿಂದಲೇ ಮನೆಯ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಮುಂದೆ ಬೇಕು ಅನ್ನಿಸಿದರೆ, ಬಸುರಾಗುವ ಮೊದಲೇ ಇಬ್ಬರೂ ಒಬ್ಬ ಹೆರಿಗೆ ತಜ್ಞರ ಬಳಿ ಈ ದಾಖಲೆಯೊಂದಿಗೆ ಕೂರಿ. ಹಿಂದೆ ಸಿಸೇರಿಯನ್ ಆಗಿದ್ದು, ನಾರ್ಮಲ್ ಡೆಲಿವರಿಗೆ ಸೂಕ್ತ ಎನಿಸಿ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ಅದು ಸಾಧ್ಯವಾಗುತ್ತದೆ. ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಳ್ಳುವುದೂ ಒಂದು ದಾರಿ. ಭಯದಿಂದ ಅದನ್ನೇ ಆರಿಸಿಕೊಂಡರೆ ಅದರಲ್ಲಿ ಅವಮಾನವೇನೂ ಇಲ್ಲ. ಒಂದೇ ಮಗು ಸಾಕು ಎಂದುಕೊಂಡರೆ ಅದೂ ಸರಿ, ಆದರೆ ಆ ಮಾತನ್ನು ಇಬ್ಬರೂ ಕೂತು ಆಡಿರಬೇಕು.

ಕೊನೆಗೆ ಹುಟ್ಟುಹಬ್ಬ. ಆಘಾತವಾದ ತಾರೀಕು ಹತ್ತಿರವಾದಂತೆ ದೇಹ ಮತ್ತೆ ಎಚ್ಚರಗೊಳ್ಳುವುದು ತಿಳಿದಿರುವ ಸಂಗತಿಯೇ. ಹೆರಿಗೆಯ ಆಘಾತದಲ್ಲಿ ಅದು ಇನ್ನೂ ಕಷ್ಟ, ಏಕೆಂದರೆ ಅದೇ ದಿನ ನೀವು ನಗುತ್ತಾ ನಿಲ್ಲಬೇಕೆಂದು ಎಲ್ಲರೂ ಬಯಸುತ್ತಾರೆ. ಹಾಗಾಗಿ ಆ ದಿನವನ್ನು ಎರಡಾಗಿ ಒಡೆಯಿರಿ. ಸಂಭ್ರಮವನ್ನು ಅದೇ ತಾರೀಕಿಗೆ ಮಾಡಲೇಬೇಕೆಂದಿಲ್ಲ, ನಾಲ್ಕೈದು ದಿನ ಮುಂದಕ್ಕೆ ಹಾಕಿದರೆ ಒಂದು ವರ್ಷದ ಮಗುವಿಗೆ ಗೊತ್ತಾಗುವುದಿಲ್ಲ. ತಾರೀಕಿನ ದಿನ ನೀವು ಮೂವರೇ ಇರಿ. ಆ ಬೆಳಗಿನ ಜಾವ ಎಚ್ಚರವಾದರೆ ಒಬ್ಬರೇ ಕತ್ತಲಲ್ಲಿ ಕೂರಬೇಡಿ, ಪತಿಯನ್ನು ಎಬ್ಬಿಸಿ. ಎಬ್ಬಿಸುತ್ತೇನೆ ಎಂದು ಮೊದಲೇ ಹೇಳಿಟ್ಟಿರಿ. ಹಿಂದಿನ ವಾರ ನಿದ್ದೆ ಕೆಡಬಹುದು, ಸಿಡುಕು ಬರಬಹುದು, ಅದಕ್ಕೆ ಕಾರಣ ಇದೇ ಎಂದು ಇಬ್ಬರಿಗೂ ಗೊತ್ತಿರಲಿ. ಮನೆಯವರಿಗೆ ದೊಡ್ಡ ವಿವರಣೆ ಬೇಡ. "ಅವಳು ಹುಟ್ಟಿದ ದಿನ ನಾವಿಬ್ಬರೂ ಬಹಳ ಹೆದರಿದ್ದೆವು. ಆ ದಿನ ನಮಗೆ ಸ್ವಲ್ಪ ಬಿಡುವು ಕೊಡಿ, ಭಾನುವಾರ ಎಲ್ಲರೂ ಬನ್ನಿ" ಎಂದರೆ ಬಹುತೇಕರು ಒಪ್ಪುತ್ತಾರೆ. ಒಪ್ಪದವರಿಗೆ ಅದನ್ನೇ ಇನ್ನೊಮ್ಮೆ ಹೇಳಿ. ಚಿಕಿತ್ಸಕರ ಮೊದಲ ಭೇಟಿಯನ್ನು ಮಾತ್ರ ಆ ತಾರೀಕಿನ ನಂತರಕ್ಕೆ ತಳ್ಳಬೇಡಿ, ಈ ವಾರವೇ ಸಮಯ ಗೊತ್ತುಮಾಡಿಕೊಳ್ಳಿ.